‘ನಾವೇ ದೇವಾಲಯ’ ಅಂದ್ಮೇಲೆ ಚರ್ಚಿಗೆ ಯಾಕೆ ಹೋಗ್ಬೇಕು?

ಪ್ರಶ್ನೆ: ಸರ್, ನಾವಿರೋದು ಹೊರಮಾವು ಕಡೆ. ಮೂರು ತಲೆಮಾರಿಂದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕನ್ನಡ ಸಭೆಯವರು. ಲಾಕ್‌ಡೌನಲ್ಲಿ ಚರ್ಚ್ ಮುಚ್ಚಿದಾಗ ನಮ್ಮೆಜಮಾನ್ರು ಯೂಟ್ಯೂಬಲ್ಲಿ ಆರಾಧನೆ ನೋಡೋಕೆ ಶುರು ಮಾಡಿದ್ರು, ಆಮೇಲೆ ಹತ್ರದ ಒಂದು ಅಪಾರ್ಟ್‌ಮೆಂಟಲ್ಲಿ ನಡೆಯೋ ಮನೆ ಕೂಟಕ್ಕೆ ಸೇರ್ಕೊಂಡ್ರು. ಅಲ್ಲಿ ಬ್ರದರ್ ಹೇಳೋದು ಏನಂದ್ರೆ ಚರ್ಚ್ ಬರೀ ಇಟ್ಟಿಗೆ ಸಿಮೆಂಟು, ದೇವರ ಆಲಯ ನಾವೇ, ಕಟ್ಟಡ ಎಲ್ಲಾ ರೋಮ್ ರಾಜ ಕಾನ್‌ಸ್ಟಂಟೈನ್ ತಂದಿದ್ದು ಅಂತ. ಅತ್ತೆಗೆ ಇದನ್ನ ಕೇಳಿದ್ರೇ ಆಗಲ್ಲ, ಆಲ್ಟರ್ ಮುಂದೆ ಮಾಡದ ಪ್ರಾರ್ಥನೆ ದೇವರಿಗೆ ಮುಟ್ಟೋದೇ ಇಲ್ಲ ಅಂತಾರೆ, ಮಂಡಿ ನೋವು, ಮೆಟ್ಟಿಲು ಹತ್ತಕ್ಕಾಗಲ್ಲ, ಆದ್ರೂ ಹಠ. ಚರ್ಚಲ್ಲಿ ಹೊಸ ಬಿಲ್ಡಿಂಗಿಗೆ ಪ್ರತಿ ಮನೆಯಿಂದ ಇಷ್ಟು ಅಂತ ಹಾಕಿದ್ದಾರೆ, ಕೊಡದಿದ್ರೆ ಆಶೀರ್ವಾದ ನಿಂತೋಗುತ್ತೆ ಅಂತ ಬೈಬಲಿನ ಪ್ರವಾದಿ ಹಗ್ಗಾಯನ ವಾಕ್ಯ ಓದಿದ್ರು. ನಂಗೆ ಶುಗರ್ ಇದೆ. ಮೊನ್ನೆ ಮನೆ ಕೂಟದಲ್ಲಿ ಒಬ್ಬರು, ‘ನಿಮ್ಮ ಆಲಯದಲ್ಲಿ ಏನೋ ಅಶುದ್ಧ ಇದೆ ಸಿಸ್ಟರ್, ಅದಕ್ಕೇ ಕಾಯಿಲೆ, ವಿಶ್ವಾಸ ಇದ್ರೆ ಮಾತ್ರೆ ಯಾಕೆ’ ಅಂದ್ರು. ಮಗಳು ದೃಢೀಕರಣದ (ಕನ್ಫರ್ಮೇಶನ್, ದೀಕ್ಷಾಸ್ನಾನದ ವಿಶ್ವಾಸವನ್ನ ತಾನೇ ಒಪ್ಕೊಳ್ಳೋ ವಿಧಿ) ಕ್ಲಾಸಿಗೆ ಹೋಗ್ತಿದ್ದಾಳೆ, ಅದನ್ನ ನಿಲ್ಸು ಅಂತಾರೆ ಅವ್ರಪ್ಪ. ಇದ್ರಲ್ಲಿ ಯಾರ್ ಸರಿ? ನಾನ್ ಏನ್ ಮಾಡ್ಲಿ?

ಉತ್ತರ: ಸಿಸ್ಟರ್, ನೀವು ಕೊನೇಲಿ ಬರೆದ ಶುಗರ್ ವಿಷ್ಯ ಮೊದಲು ತಗೋತೀನಿ, ಯಾಕಂದ್ರೆ ಇಡೀ ಪತ್ರದಲ್ಲಿ ಅವಸರ ಇರೋದು ಅದೊಂದಕ್ಕೇ. ಮಾತ್ರೆ ಒಂದು ಹೊತ್ತೂ ಬಿಡ್ಬೇಡಿ. ಈಗಾಗ್ಲೇ ಬಿಟ್ಟಿದ್ರೆ ಇವತ್ತೇ ಡಾಕ್ಟರ್ ಹತ್ರ ಹೋಗಿ, ಬಿಟ್ಟಿದ್ದೆ ಅಂತ ಬಾಯ್ಬಿಟ್ಟು ಹೇಳಿ, ಅವ್ರು ಹೇಳ್ದಂಗೆ ಮತ್ತೆ ಶುರು ಮಾಡಿ. ಪ್ರಾರ್ಥನೆ ಮಾಡ್ಕೊಂಡೇ ಮಾತ್ರೆ ನುಂಗಬಹುದು, ಎರಡಕ್ಕೂ ಜಗಳ ಇಲ್ಲ. ನಾನು ಸಭಾಪಾಲಕನಾಗಿದ್ದು ಆಮೇಲೆ ಥಿಯಾಲಜಿ ವಿದ್ಯಾರ್ಥಿಗಳಿಗೆ ಹೊಸ ಒಡಂಬಡಿಕೆ ಪಾಠ ಮಾಡಿದವನು, ‘ನಿಮ್ಮ ಆಲಯ ಅಶುದ್ಧ’ ಅನ್ನೋ ಮಾತು ಕೇಳಿ ಬಂದು ಅತ್ತವರನ್ನ ಬೇಕಾದಷ್ಟು ಜನರನ್ನ ನೋಡಿದ್ದೀನಿ, ಮಕ್ಕಳಾಗದವರು, ಕ್ಯಾನ್ಸರ್ ಬಂದವರು, ಡಿಪ್ರೆಶನ್ ಇರೋರು. ಒಂದ್ಸಲಾನೂ ಆ ಮಾತಿಂದ ಯಾರಿಗೂ ಒಳ್ಳೇದಾಗಿದ್ದು ಕಂಡಿಲ್ಲ.

ಅವರು ನಿಮಗೆ ಹೇಳಿದ್ದು ಎಲ್ಲಿಂದ ಬರುತ್ತೆ ಅಂದ್ರೆ ಕೊರಿಂಥ ಅನ್ನೋ ಊರಿನ ಕ್ರೈಸ್ತರಿಗೆ ಅಪೊಸ್ತಲ ಪೌಲ ಬರೆದ, ಬೈಬಲಿನ ಹೊಸ ಒಡಂಬಡಿಕೆಯಲ್ಲಿರೋ ಮೊದಲನೇ ಪತ್ರ, 3ನೇ ಅಧ್ಯಾಯ, 16 ಮತ್ತು 17ನೇ ವಚನ. ನೀವು ದೇವರ ಆಲಯ, ದೇವರ ಆತ್ಮ ನಿಮ್ಮಲ್ಲಿ ವಾಸ ಮಾಡ್ತಾನೆ, ಆ ಆಲಯವನ್ನ ಯಾರಾದ್ರೂ ಕೆಡಿಸಿದ್ರೆ ದೇವರು ಅವನನ್ನ ಕೆಡಿಸ್ತಾನೆ ಅಂತ ಇದೆ. ಕೇಳೋಕೆ ಭಯ ಆಗುತ್ತೆ, ಅದ್ರಲ್ಲೂ ಈ ಎರಡು ವಚನ ಮಾತ್ರ ಕಿತ್ತು ವಾಟ್ಸಾಪಲ್ಲಿ ಕಳ್ಸಿದ್ರೆ. ಅದೇ ಪತ್ರವನ್ನ ಶುರುವಿಂದ ಓದಿ ನೋಡಿ. ಖ್ಲೋಯೆ ಅನ್ನೋ ಹೆಣ್ಮಗಳ ಮನೆಯವರು ಪೌಲನಿಗೆ ಸುದ್ದಿ ಮುಟ್ಟಿಸಿರ್ತಾರೆ, ಕೊರಿಂಥದ ಸಭೆಯಲ್ಲಿ ಪಾರ್ಟಿ ಪಾರ್ಟಿ ಆಗೋಗಿದೆ, ಒಬ್ಬ ನಾನು ಪೌಲನ ಕಡೆ ಅಂತಾನೆ, ಇನ್ನೊಬ್ಬ ಅಪೊಲ್ಲೋಸ ಅನ್ನೋ ಬೋಧಕನ ಕಡೆ, ಮತ್ತೊಬ್ಬ ಕೇಫನ (ಅಂದ್ರೆ ಪೇತ್ರನ) ಕಡೆ. ಆ ಜಗಳ ಬಿಡಿಸೋಕೇ ಮೊದಲ ಮೂರು ಅಧ್ಯಾಯ ಖರ್ಚಾಗಿರೋದು. ಅದ್ರ ಕೊನೇಲಿ ಈ ಆಲಯದ ಮಾತು ಬರುತ್ತೆ. ಅಂದ್ರೆ ಆಲಯ ಅಂದಿದ್ದು ಅಲ್ಲಿ ಸೇರೋ ಇಡೀ ಜನವನ್ನ, ಆಲಯ ಕೆಡಿಸೋರು ಅಂದಿದ್ದು ಆ ಜನವನ್ನ ಒಡೆಯೋರನ್ನ. ಶುಗರ್ ಪೇಷಂಟಿಗೆ ಓದೋ ವಚನವೇ ಅಲ್ಲ ಅದು. ಯಾರಿಗಾದ್ರೂ ಓದಲೇಬೇಕು ಅಂದ್ರೆ, ಒಂದು ಮನೇಲಿ ಅತ್ತೆ ಒಂದ್ಕಡೆ ಮಗ ಒಂದ್ಕಡೆ ಆಗೋ ಹಂಗೆ ಮಾಡೋರಿಗೆ ಓದ್ಬೇಕು.

ಅದೇ ಪತ್ರದ 6ನೇ ಅಧ್ಯಾಯದಲ್ಲಿ ಇನ್ನೊಂದು ಸಲ ಬರುತ್ತೆ, ಅಲ್ಲಿ ಮಾತ್ರ ನಿಮ್ಮ ದೇಹ ಪವಿತ್ರಾತ್ಮನ ಗರ್ಭಗುಡಿ ಅಂತಾನೇ ಇದೆ. ಅಲ್ಲಿ ವಿಷ್ಯ ವೇಶ್ಯೆಯರ ಹತ್ರ ಹೋಗೋದು. ದೇಹ ಹೆಂಗಿದ್ರೂ ಹಾಳಾಗೋದೇ, ಅದ್ರಲ್ಲಿ ಏನ್ ಮಾಡಿದ್ರೆ ಏನಂತೆ ಅನ್ನೋರಿಗೆ ಪೌಲ ಕೊಟ್ಟ ಉತ್ತರ ಅದು. ನೀವು ನಿಮ್ಮ ದೇಹದಲ್ಲಿ ಹೆಂಗೆ ನಡ್ಕೊತೀರ ಅನ್ನೋ ಪ್ರಶ್ನೆ, ನಿಮ್ಮ ಬ್ಲಡ್ ರಿಪೋರ್ಟಲ್ಲಿ ಎಷ್ಟು ಬಂದಿದೆ ಅನ್ನೋದಲ್ಲ. ಸಿಗರೇಟು, ಟ್ಯಾಟೂ, ಜಿಮ್ಮು ಎಲ್ಲಕ್ಕೂ ಪ್ರಸಂಗದಲ್ಲಿ ಈ ವಚನ ಎಳ್ಕೊಂಡು ಬರ್ತಾರೆ, ಸಿಗರೇಟು ಬಿಟ್ರೆ ಒಳ್ಳೇದೇ, ಆದ್ರೆ ಆ ವಚನದ ವಿಷ್ಯ ಅದಲ್ಲ. ಕಾಯಿಲೆ ಅಂದ್ರೆ ಅಶುದ್ಧ ಅನ್ನೋದಾದ್ರೆ ಪೌಲನ ಕಥೆ ಏನು? ದೇಹದಲ್ಲಿ ಒಂದು ಮುಳ್ಳು ಅಂತ ಅವನೇ ಬರ್ಕೊಂಡಿದ್ದಾನೆ, ಮೂರು ಸಲ ಬೇಡ್ಕೊಂಡ್ರೂ ಅದು ಹೋಗ್ಲಿಲ್ಲ. ಪೌಲನ ಶಿಷ್ಯ ತಿಮೊಥೆಯನಿಗೆ ಪದೇ ಪದೇ ಹುಷಾರು ತಪ್ತಿತ್ತು, ಬರೀ ನೀರು ಕುಡೀಬೇಡ, ಹೊಟ್ಟೆ ಸಲುವಾಗಿ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಆ ಕಾಲದ ಔಷಧಿ ಬರೆದಿದೆ ಮೊದಲನೇ ತಿಮೊಥೆಯ 5:23ರಲ್ಲಿ. ನಿನ್ನ ಆಲಯ ಚೆಕ್ ಮಾಡ್ಕೋ ಅಂತ ಬರೆದಿಲ್ಲ.

ಈಗ ಬ್ರದರ್ ವಿಷ್ಯಕ್ಕೆ ಬರೋಣ. ಅವ್ರ ಮಾತಲ್ಲಿ ಅರ್ಧಕ್ಕಿಂತ ಜಾಸ್ತಿ ಸರಿ ಇದೆ, ಅದನ್ನ ಒಪ್ಕೊಳ್ದೇ ಹೋದ್ರೆ ನಿಮ್ಮೆಜಮಾನ್ರ ಜೊತೆ ಮಾತೇ ಮುಂದುವರಿಯಲ್ಲ. ಯೇಸು ಸಮಾರ್ಯದ ಹೆಂಗಸಿಗೆ ಹೇಳಿದ್ದು ಏನು, ಈ ಬೆಟ್ಟದ ಮೇಲೂ ಅಲ್ಲ, ಯೆರೂಸಲೇಮಲ್ಲೂ ಅಲ್ಲ, ಆತ್ಮದಿಂದ ಸತ್ಯದಿಂದ ಆರಾಧಿಸೋ ಕಾಲ ಬರುತ್ತೆ ಅಂತ. ಮೊದಲ ಹುತಾತ್ಮ ಸ್ತೆಫನನನ್ನ ಕಲ್ಲು ಹೊಡೆದು ಕೊಲ್ಲೋದಕ್ಕೆ ಮುಂಚೆ ಅವನು ಆಡಿದ ಮಾತುಗಳಲ್ಲಿ ಒಂದು, ಕೈಯಿಂದ ಕಟ್ಟಿದ ಮನೆಗಳಲ್ಲಿ ಪರಾತ್ಪರ ವಾಸ ಮಾಡಲ್ಲ ಅನ್ನೋದು. ಪೇತ್ರ ವಿಶ್ವಾಸಿಗಳನ್ನ ಜೀವಂತ ಕಲ್ಲುಗಳು ಅಂತಾನೆ. ಅಷ್ಟೇ ಯಾಕೆ, ಯೆರೂಸಲೇಮಿನ ಮೊದಲ ದೇವಾಲಯ ಕಟ್ಟಿಸಿದ ಸೊಲೊಮೋನನೇ ಪ್ರತಿಷ್ಠೆಯ ದಿನ ಪ್ರಾರ್ಥನೆ ಮಾಡ್ತಾ, ಆಕಾಶವೇ ನಿನಗೆ ಸಾಲದು, ನಾನ್ ಕಟ್ಟಿದ ಈ ಮನೆ ಎಷ್ಟರದ್ದು ಅಂದ. ಹಾಗಾಗಿ ಅತ್ತೆಯವರ ‘ಆಲ್ಟರ್ ಮುಂದೆ ಮಾಡದಿದ್ರೆ ಮುಟ್ಟಲ್ಲ’ ಅನ್ನೋದು ಬೈಬಲಲ್ಲಿ ಇಲ್ಲ. ಅಡುಗೆಮನೇಲಿ ಮಾಡಿದ್ದೂ ಮುಟ್ಟುತ್ತೆ, ಟಿನ್ ಫ್ಯಾಕ್ಟರಿ ಸಿಗ್ನಲಲ್ಲಿ ಬಸ್ಸೊಳಗೆ ನಿಂತ್ಕೊಂಡು ಮಾಡಿದ್ದೂ ಮುಟ್ಟುತ್ತೆ.

(ಕನ್ನಡದವರಿಗೆ ಇದು ಹೊಸದಾಗಿ ಕೇಳಿಸಲ್ಲ, 12ನೇ ಶತಮಾನದ ವಚನಕಾರರು ದೇಹವನ್ನೇ ದೇಗುಲ ಅಂದಿದ್ದು ಸ್ಕೂಲಲ್ಲೇ ಓದಿರ್ತೀವಿ. ಅದೂ ಇದೂ ಒಂದೇ ಅಲ್ವಾ ಸರ್ ಅಂತ ಸ್ಟೂಡೆಂಟ್ಸ್ ಕೇಳೋರು. ಕಲ್ಲು ಕಟ್ಟಡದ ಅಹಂಕಾರ ಮುರಿಯೋದ್ರಲ್ಲಿ ಎರಡೂ ಅಕ್ಕಪಕ್ಕ ನಿಲ್ಲುತ್ವೆ, ಆದ್ರೆ ಪೌಲ 3ನೇ ಅಧ್ಯಾಯದಲ್ಲಿ ಹೇಳೋ ಆಲಯ ಒಬ್ಬೊಬ್ಬರ ಮೈಯಲ್ಲಿ ಮುಗಿಯಲ್ಲ, ಜನ ಸೇರಿದ್ರೇನೇ ಅದು ಆಲಯ.)

ಕಾನ್‌ಸ್ಟಂಟೈನ್ ಕಥೆ ಮಾತ್ರ ಯೂಟ್ಯೂಬಲ್ಲಿ ಓಡಾಡೋ ಅರ್ಧ ಸತ್ಯ. ಮೊದಮೊದಲು ಮನೆಗಳಲ್ಲೇ ಸೇರ್ತಿದ್ರು ಅನ್ನೋದು ನಿಜ, ಅಕ್ವಿಲ ಪ್ರಿಸ್ಕಿಲ್ಲ ಗಂಡಹೆಂಡ್ತಿ ಮನೆ, ಫಿಲೆಮೋನನ ಮನೆ, ಎಲ್ಲಾ ಪತ್ರಗಳಲ್ಲೇ ಇದೆ. ಆದ್ರೆ ಯೆರೂಸಲೇಮಿನ ಮೊದಲ ವಿಶ್ವಾಸಿಗಳು ಅಲ್ಲಿನ ದೇವಾಲಯಕ್ಕೂ ದಿನಾ ಹೋಗ್ತಿದ್ರು, ಅಪೊಸ್ತಲರ ಕೃತ್ಯ 2:46 ನೋಡಿ, ಒಂದೇ ವಚನದಲ್ಲಿ ದೇವಾಲಯವೂ ಇದೆ ಮನೆಯೂ ಇದೆ. ಎಫೆಸದಲ್ಲಿ ಪೌಲ ಎರಡು ವರ್ಷ ಪಾಠ ಹೇಳಿದ್ದು ತುರನ್ನ ಅನ್ನೋನ ಶಾಲೆಯಲ್ಲಿ, ಇಲ್ಲಿ ನಮ್ಮ ಫೆಲೋಶಿಪ್‌ಗಳು ಭಾನುವಾರ ಸ್ಕೂಲ್ ಆಡಿಟೋರಿಯಂ ತಗೊಳ್ಳೋ ಥರಾನೇ. ಸಿರಿಯಾದ ದುರಾ ಯೂರೋಪಸಲ್ಲಿ 1930ರ ದಶಕದಲ್ಲಿ ಅಗೆದಾಗ ಒಂದು ಮನೆ ಸಿಕ್ತು, 3ನೇ ಶತಮಾನದ ಮೊದಲರ್ಧದ್ದು, ಎರಡು ರೂಮಿನ ಮಧ್ಯದ ಗೋಡೆ ಒಡೆದು ದೊಡ್ಡ ಹಾಲ್ ಮಾಡಿದ್ದಾರೆ, ಇನ್ನೊಂದು ರೂಮಲ್ಲಿ ದೀಕ್ಷಾಸ್ನಾನಕ್ಕೆ ತೊಟ್ಟಿ ಕಟ್ಟಿ ಗೋಡೆಗೆಲ್ಲ ಚಿತ್ರ ಬರೆಸಿದ್ದಾರೆ. ಅದು ಮನೆನಾ ಚರ್ಚಾ, ನೀವೇ ಹೇಳಿ. ಇನ್ನು 303ರ ಫೆಬ್ರವರಿ 23ಕ್ಕೆ ನಿಕೊಮೆದಿಯದಲ್ಲಿ ಡಯೊಕ್ಲೀಷನ್ ಚಕ್ರವರ್ತಿಯ ಸೈನಿಕರು ಒಂದು ಚರ್ಚನ್ನ ಕೆಡವಿ ನೆಲಸಮ ಮಾಡಿದ್ರು, ಅವನ ಕಾಲದಲ್ಲಿ ಕ್ರೈಸ್ತರ ಹಿಂಸೆ ಶುರುವಾಗಿದ್ದೇ ಅಲ್ಲಿಂದ. ಕಾನ್‌ಸ್ಟಂಟೈನ್ ಕ್ರೈಸ್ತರಿಗೆ ಬಿಡುಗಡೆ ಕೊಟ್ಟಿದ್ದು 313ರಲ್ಲಿ. ಅಂದ್ರೆ ಅವನಿಗಿಂತ ಮುಂಚೇನೇ ಕೆಡವೋಕೆ ಚರ್ಚ್ ಇತ್ತು. ಅವನ ಕಾಲದಿಂದ ಬದಲಾಗಿದ್ದು ಸೈಜು ಮತ್ತು ಸರ್ಕಾರದ ದುಡ್ಡು.

ಮನೇಲಿ ಸೇರಿದ್ರೆ ಶುದ್ಧ, ಚರ್ಚಲ್ಲಿ ಸೇರಿದ್ರೆ ಸಂಪ್ರದಾಯ ಅನ್ನೋದು ಇನ್ನೊಂದು ಭ್ರಮೆ, ಇದ್ರ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ. ಕೊರಿಂಥದವರು ಸೇರ್ತಿದ್ದದ್ದು ಮನೇಲೇ, ಗಾಯ ಅನ್ನೋನು ಇಡೀ ಸಭೆಗೆ ಮನೆ ಬಿಟ್ಟುಕೊಟ್ಟಿದ್ದ ಅಂತ ರೋಮಾಪುರದವರಿಗೆ ಬರೆದ ಪತ್ರದಲ್ಲಿದೆ. ಅಲ್ಲಿ ಏನಾಯ್ತು? ಕರ್ತನ ಭೋಜನಕ್ಕೆ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚ್ಕೊಳ್ಳೋ ವಿಧಿ) ಅಂತ ಸೇರಿದಾಗ ಉಳ್ಳವರು ತಮ್ಮ ತಮ್ಮ ಊಟ ಮೊದಲೇ ತಿಂದು ಮುಗಿಸ್ತಿದ್ರು, ಒಬ್ಬ ಹಸ್ಕೊಂಡಿರ್ತಿದ್ದ, ಇನ್ನೊಬ್ಬ ಕುಡಿದು ಮತ್ತಲ್ಲಿರ್ತಿದ್ದ, ಏನೂ ಇಲ್ಲದವರು ತಲೆ ತಗ್ಗಿಸಿ ಕೂತಿರ್ತಿದ್ರು. ಪೌಲ 11ನೇ ಅಧ್ಯಾಯದಲ್ಲಿ ಬೈದಿರೋದು ನೋಡಿ, ನೀವು ಸೇರೋದ್ರಿಂದ ಒಳ್ಳೇದಕ್ಕಿಂತ ಕೆಟ್ಟದ್ದೇ ಜಾಸ್ತಿ ಅಂತಾನೆ, ಒಬ್ಬರಿಗೊಬ್ಬರು ಕಾಯಿರಿ ಅಂತಾನೆ. ಮನೆ ಅಂದ್ಮೇಲೆ ಒಬ್ಬ ಯಜಮಾನ ಇರ್ತಾನೆ, ಸೋಫಾ ಯಾರಿಗೆ ಚಾಪೆ ಯಾರಿಗೆ ಅನ್ನೋದು ತಾನಾಗೇ ತೀರ್ಮಾನ ಆಗ್ಬಿಡುತ್ತೆ. ನಿಮ್ಮ ಹೊರಮಾವು ಕೂಟನೇ ತಗೊಳ್ಳಿ. ಗೇಟಲ್ಲಿ ಸೆಕ್ಯೂರಿಟಿ ಆ್ಯಪಲ್ಲಿ ಅಪ್ರೂವಲ್ ಕೇಳ್ತಾನೆ, ಫ್ಲ್ಯಾಟಿನವರು ಓಕೆ ಒತ್ತಿದ್ರೆ ಮಾತ್ರ ಒಳಗೆ. ಆ ಸೆಕ್ಯೂರಿಟಿಯವನು ಯಾವತ್ತಾದ್ರೂ ಕೂಟಕ್ಕೆ ಬಂದು ಕೂತಿದ್ದಾನಾ? ಅದೇ ಫ್ಲೋರಲ್ಲಿ ಪಾತ್ರೆ ತೊಳೆಯೋಕೆ ಬರೋ ಅಮ್ಮ? ಚರ್ಚಲ್ಲೂ ಮುಂದಿನ ಬೆಂಚು ಕಮಿಟಿಯವರದ್ದೇ, ಚಿನ್ನದ ಉಂಗುರದವನಿಗೆ ಒಳ್ಳೇ ಸೀಟು ಕೊಡ್ತೀರ ಅಂತ ಯಾಕೋಬ ಬೈದಿರೋದು ನಮಗೂ ಸೇರುತ್ತೆ, ಅದ್ರಲ್ಲಿ ಅನುಮಾನ ಇಲ್ಲ. ಆದ್ರೂ ಕಾರ್ಪೊರೇಷನ್ ಹತ್ರ ಹಡ್ಸನ್ ಚರ್ಚಿಗೋ ಶಿವಾಜಿನಗರದ ಬೆಸಿಲಿಕಾಗೋ ಹೆಸರು ಗೊತ್ತಿಲ್ದೇ ಇರೋ ಒಬ್ಬ ಮನುಷ್ಯ ಬಂದು ಹಿಂದಿನ ಬೆಂಚಲ್ಲಿ ಕೂತು ಅತ್ತು ಎದ್ದು ಹೋಗಬಹುದು, ಯಾರೂ ಅಪ್ರೂವಲ್ ಕೇಳಲ್ಲ. ಕಟ್ಟಡಕ್ಕೆ ನಾನು ಕೊಡೋ ದೊಡ್ಡ ಮಾರ್ಕು ಅದಕ್ಕೇ.

ಹಂಗಂತ ಕಟ್ಟಡ ಇಲ್ದೇ ಸಭೆ ಬದುಕಲ್ಲ ಅಂತಲ್ಲ. ನಮ್ಮ ಬೆಂಗಳೂರಿನ ಸೇಂಟ್ ಮಾರ್ಕ್ಸ್ ಚರ್ಚ್ 1923ರಲ್ಲಿ ಬೆಂಕಿಗೆ ಹಾಳಾಯ್ತು, ಮತ್ತೆ ಪ್ರತಿಷ್ಠೆ ಆಗಿದ್ದು 1927ರಲ್ಲಿ, ಮಧ್ಯದಲ್ಲಿ ಸಭೆ ಏನೂ ಸತ್ತು ಹೋಗ್ಲಿಲ್ಲ. 2020ರಲ್ಲಿ ನಾವೆಲ್ಲಾ ಅದನ್ನ ನಮ್ಮ ಮನೆಗಳಲ್ಲೇ ನೋಡಿದ್ದೀವಿ. ಕಟ್ಟಡ ಬಿಟ್ಟು ಇರಬಹುದು, ಪಕ್ಕದಲ್ಲಿ ಕೂರೋ ಮನುಷ್ಯರನ್ನ ಬಿಟ್ಟು ಕ್ರೈಸ್ತನಾಗಿರೋಕೆ ಆಗಲ್ಲ, ನನ್ನ ಓದಲ್ಲಿ ಪೌಲ ಹೇಳೋದು ಇಷ್ಟೇ. ಇದ್ರಿಂದ ಬರೀ ಯೂಟ್ಯೂಬ್ ಆರಾಧನೆಗೂ ಉತ್ತರ ಸಿಕ್ತು ಅನ್ಕೋತೀನಿ. ಹಾಸಿಗೆ ಹಿಡಿದವರಿಗೆ, ನೈಟ್ ಶಿಫ್ಟ್ ಮುಗಿಸಿ ಬಂದ ನರ್ಸಿಗೆ ಅದು ವರ, ಆರೋಗ್ಯವಾಗಿರೋನಿಗೆ ಅಭ್ಯಾಸ ಆಗ್ಬಾರ್ದು. ಸ್ಕ್ರೀನಲ್ಲಿರೋ ಪಾಸ್ಟರಿಗೆ ನಿಮ್ಮ ಶುಗರೂ ಗೊತ್ತಿಲ್ಲ, ಅತ್ತೆ ಮಂಡಿನೂ ಗೊತ್ತಿಲ್ಲ.

ಒಂದು ಮಾತು, ಇಲ್ಲಿ ನಾನು ಹೇಳ್ತಿರೋದು ಸಿಎಸ್‌ಐ, ಮೆಥಡಿಸ್ಟ್, ಬ್ಯಾಪ್ಟಿಸ್ಟ್ ಥರದವರ ಲೆಕ್ಕ. ಕ್ಯಾಥೊಲಿಕರದ್ದು ಬೇರೆ, ಅವರ ನಂಬಿಕೇಲಿ ಪ್ರತಿಷ್ಠೆಯಾದ ಪರಮಪ್ರಸಾದ (ಕ್ರಿಸ್ತನ ದೇಹ ಅಂತ ಅವರು ನಂಬೋ ರೊಟ್ಟಿ) ಪೆಟ್ಟಿಗೆಯಲ್ಲಿರುತ್ತೆ, ಹತ್ರ ದೀಪ ಉರೀತಿರುತ್ತೆ, ಅಲ್ಲಿ ಮಂಡಿಯೂರೋದಕ್ಕೆ ಕಟ್ಟಡ ಕಾರಣ ಅಲ್ಲ. ಭಾನುವಾರದ ಬಲಿಪೂಜೆನೂ ಅವರಿಗೆ ಕಡ್ಡಾಯ, ಕಾಯಿಲೆ, ಹಸುಗೂಸು ನೋಡ್ಕೊಳ್ಳೋದು ಇಂಥ ಕಾರಣ ಇದ್ರೆ ವಿನಾಯಿತಿ ಇದೆ. ಅವರೂ ಸಭೆ ಅಂದ್ರೆ ದೇವರ ಜನ ಅಂತ 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ ಒತ್ತಿ ಹೇಳಿದ್ದಾರೆ.

ಬಿಲ್ಡಿಂಗ್ ಫಂಡ್. ಹಗ್ಗಾಯ 1:4, ನನ್ನ ಮನೆ ಹಾಳು ಬಿದ್ದಿರುವಾಗ ನೀವು ಒಳ್ಳೊಳ್ಳೇ ಮನೇಲಿ ಇರೋದು ಸರಿನಾ ಅಂತ. ಬೆಂಗಳೂರಲ್ಲಿ ಚರ್ಚ್ ಕಟ್ಟೋವಾಗ ಈ ವಚನ ಓದದೇ ಇರೋ ಕಮಿಟಿ ಅಪರೂಪ. ಅದು ಕ್ರಿಸ್ತಪೂರ್ವ 520ರ ಮಾತು, ಬಾಬೆಲಿನ ಸೆರೆಯಿಂದ ವಾಪಸ್ ಬಂದ ಯೆಹೂದ್ಯರಿಗೆ, ಯೆರೂಸಲೇಮಿನ ಆ ಒಂದು ದೇವಾಲಯದ ಬಗ್ಗೆ. ನಿಮ್ಮ ಏರಿಯಾದ ಪಾರ್ಕಿಂಗ್ ಸಮೇತದ ಮೂರು ಫ್ಲೋರಿಗೆ ಅದನ್ನ ಹಂಗೇ ಅಂಟಿಸಕ್ಕಾಗಲ್ಲ. ಪೌಲ ಊರೂರಲ್ಲಿ ದುಡ್ಡು ಎತ್ತಿದ್ದ, ಸುಳ್ಳಲ್ಲ, ಆದ್ರೆ ಅದು ಯೆರೂಸಲೇಮಿನ ಬಡ ವಿಶ್ವಾಸಿಗಳಿಗೆ, ಕಟ್ಟಡಕ್ಕೆ ಅಂತ ಅವನು ಕೇಳಿದ್ದು ಎಲ್ಲೂ ಇಲ್ಲ, ಮತ್ತೆ ಬೇಜಾರಿಂದಾಗ್ಲಿ ಬಲವಂತಕ್ಕಾಗ್ಲಿ ಕೊಡಬೇಡಿ ಅಂತಾನೂ ಬರೆದಿದ್ದಾನೆ. ಕೂರೋಕೆ ಜಾಗ ಸಾಲ್ತಿಲ್ಲ, ಮಳೆಗಾಲದಲ್ಲಿ ಸೋರುತ್ತೆ ಅಂದ್ರೆ ಕಟ್ಟೋದು ತಪ್ಪೇನಲ್ಲ, ನಿಮ್ಮ ಕೈಲಾದಷ್ಟು ಕೊಡಿ, ರಸೀದಿ ತಗೊಳ್ಳಿ, ಆಡಿಟ್ ಆದ ಲೆಕ್ಕ ಸಭೆ ಮುಂದೆ ಇಡಿ ಅಂತ ಕೇಳಿ. ಶುಗರ್ ಮಾತ್ರೆಯ ದುಡ್ಡಲ್ಲಿ, ಮಗಳ ಫೀಸಲ್ಲಿ ಕಟ್ ಮಾಡಿ ಕೊಡಬೇಡಿ. ಆಶೀರ್ವಾದ ನಿಂತೋಗುತ್ತೆ ಅನ್ನೋದು ಬೆದರಿಕೆ, ಅದಕ್ಕೆ ಬೇರೆ ಹೆಸರಿಲ್ಲ. ರ್‍ಯಾಂಪ್ ಹಾಕ್ಸಿ ಅಂತ ಮಾತ್ರ ಈಗ್ಲೇ ಕಮಿಟಿಗೆ ಬರೆದು ಕೊಡಿ, ಪ್ಲ್ಯಾನ್ ಪಾಸಾದ್ಮೇಲೆ ಯಾರೂ ಕೇಳಿಸ್ಕೊಳ್ಳಲ್ಲ.

ಇನ್ನು ನೀವೇನ್ ಮಾಡಬಹುದು ಅಂತ. ಸಾಕಷ್ಟು ಕುಟುಂಬಗಳು ಮಾಡೋದು ಏನಂದ್ರೆ ಭಾನುವಾರ ಚರ್ಚು, ವಾರದ ಮಧ್ಯೆ ಮನೆ ಕೂಟ. ನಡೆಯುತ್ತೆ, ಚೆನ್ನಾಗೂ ಇರುತ್ತೆ, ಎರಡು ಕಡೆಯವರೂ ಇನ್ನೊಬ್ಬರನ್ನ ಆಡ್ಕೊಳ್ಳದೇ ಇದ್ರೆ. ಆಡ್ಕೊಳ್ಳೋಕೆ ಶುರು ಮಾಡಿದ್ರೆ ನಿಮ್ಮನೆ ಊಟದ ಟೇಬಲ್ಲೇ ಕೊರಿಂಥ ಆಗುತ್ತೆ. ಸಭೆನೇ ಬದಲಾಯಿಸೋದು ಇನ್ನೊಂದು ದಾರಿ, ಹತ್ರದಲ್ಲಿ ಮೆಟ್ಟಿಲಿಲ್ಲದ, ಕನ್ನಡ ಆರಾಧನೆ ಇರೋ ಬೇರೆ ಚರ್ಚ್ ಸಿಕ್ರೆ ಮೆಂಬರ್‌ಶಿಪ್ ವರ್ಗಾವಣೆ ಪತ್ರ ತಗೊಂಡು ಹೋಗಬಹುದು, ಅದ್ರಲ್ಲಿ ಪಾಪ ಏನಿಲ್ಲ, ಆದ್ರೆ ಅತ್ತೆಗೆ ಪರಿಚಯದ ಮುಖಗಳು ತಪ್ಪಿ ಹೋಗುತ್ತೆ, ಆ ವಯಸ್ಸಲ್ಲಿ ಅದು ಸಣ್ಣ ನಷ್ಟ ಅಲ್ಲ.

ಪೂರ್ತಿ ಮನೆ ಕೂಟಕ್ಕೇ ಹೋಗೋದಾದ್ರೆ ಮೊದಲು ಒಂದಿಷ್ಟು ವಿಚಾರಿಸಿ. ಕಾಣಿಕೆ ಕ್ಯೂಆರ್ ಕೋಡ್ ಯಾರ ಅಕೌಂಟಿಗೆ ಹೋಗುತ್ತೆ, ಬ್ರದರ್ ಸ್ವಂತದ್ದಾ, ಟ್ರಸ್ಟಿಂದಾ? ಬಡವರಿಗೆ ಅಂತ ಎತ್ತಿದ ದುಡ್ಡಿನ ಬಗ್ಗೆ ಯಾರೂ ಬೊಟ್ಟು ಮಾಡಬಾರ್ದು ಅಂತ ಪೌಲ ಬೇರೆ ಸಹೋದರರನ್ನ ಜೊತೆಗೆ ಕಳಿಸಿದ್ದ, ಎರಡನೇ ಕೊರಿಂಥ 8ರಲ್ಲಿದೆ, ಆ ವಚನ ಇಟ್ಕೊಂಡೇ ಕೇಳಿ. ಬ್ರದರ್ ತಪ್ಪು ಮಾಡಿದ್ರೆ ಅವರನ್ನ ಕೇಳೋರು ಯಾರು? ನಮ್ಮಲ್ಲಿ ಬಿಷಪ್, ಡಯಾಸಿಸ್, ಕಮಿಟಿ ಅಂತ ತಲೆನೋವು ಬೇಕಾದಷ್ಟಿದೆ, ಆದ್ರೆ ದೂರು ಕೊಡೋಕೆ ಒಂದು ಬಾಗಿಲು ಅಂತ ಇದೆ. ಮದುವೆ ವಿಷ್ಯನೂ ಕೇಳ್ಕೊಳ್ಳಿ, ಇದನ್ನ ಯಾರೂ ಮುಂಚೆ ಯೋಚಿಸಲ್ಲ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಪ್ರಕಾರ ಎಲ್ಲರೂ ಮದುವೆ ಮಾಡಿಸೋಕಾಗಲ್ಲ, ಕಾಯ್ದೆ ಒಪ್ಪೋ ಅಭಿಷೇಕ ಇರಬೇಕು ಇಲ್ಲಾ ಲೈಸೆನ್ಸ್ ಇರಬೇಕು. ಇಲ್ದೇ ಹೋದ್ರೆ ನಾಳೆ ಮಗಳು ಪಾಸ್‌ಪೋರ್ಟಿಗೋ ವೀಸಾಗೋ ಸರ್ಟಿಫಿಕೇಟ್ ತೋರಿಸೋ ಹೊತ್ತಿಗೆ ಪೇಚಾಟ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ 30 ದಿನದ ನೋಟಿಸ್ ಕೊಟ್ಟು ಮಾಡ್ಕೊಳ್ಳೋ ದಾರಿ ಇದ್ದೇ ಇದೆ, ಅದು ಗೊತ್ತಿರಲಿ. ಸಮಾಧಿಗೂ ಸಾಮಾನ್ಯವಾಗಿ ಸಭಾಪಾಲಕರ ಪತ್ರ ಕೇಳೋದು ರೂಢಿ, ಸಾವಿನ ಮನೇಲಿ ಕೂತು ಪತ್ರಕ್ಕೆ ಫೋನ್ ಮೇಲೆ ಫೋನ್ ಮಾಡೋ ಪರಿಸ್ಥಿತಿ ನೋಡಿದ್ದೀನಿ. ಮತ್ತೆ ಮಾತ್ರೆ ಬಿಡಿ ಅನ್ನೋ ಮಾತು ಕೂಟದ ನಾಯಕರದ್ದೇ ನಿಲುವಾ ಅಂತ ನೇರ ಕೇಳಿ. ಹೌದು ಅಂದ್ರೆ ಅಲ್ಲಿಗೆ ಹೋಗ್ಬೇಡಿ, ಇದ್ರಲ್ಲಿ ನಂಗೆ ಎರಡನೇ ಅಭಿಪ್ರಾಯ ಇಲ್ಲ. ಯಾರೋ ಒಬ್ಬರ ಬಾಯಿ ಜಾರಿದ್ದು ಅಂದ್ರೆ ಅವರು ಎಲ್ಲರ ಮುಂದೆ ತಿದ್ದಬೇಕು.

ಮಗಳ ಕ್ಲಾಸ್ ನಿಲ್ಲಿಸ್ಬೇಡಿ. ದೃಢೀಕರಣದ ಕ್ಲಾಸಲ್ಲಿ ಈ ಪಾಠನೇ ಇರುತ್ತೆ, ಸಭೆ ಅಂದ್ರೆ ಏನು, ಕರ್ತನ ಭೋಜನ ಅಂದ್ರೆ ಏನು, ಅಪ್ಪನ ಪ್ರಶ್ನೆಗಳನ್ನ ಅಲ್ಲಿಗೆ ತಗೊಂಡು ಹೋಗ್ಲಿ, ಅಯ್ಯನವರು (ಸಭಾಪಾಲಕರು) ಸ್ವಲ್ಪ ಬೆವರಲಿ ಬಿಡಿ. ಕಲಿತ ಮೇಲೆ ಬಿಷಪ್ ಕೈಯಿಂದ ದೃಢೀಕರಣ ಮಾಡಿಸ್ಕೊಳ್ಳೋದು ಬಿಡೋದು ಅವಳ ಮನಸ್ಸಿಂದ ಆಗ್ಬೇಕು, ಅಜ್ಜಿಗಾಗಿಯೂ ಅಲ್ಲ, ಅಪ್ಪನಿಗೆ ಹೆದರಿಯೂ ಅಲ್ಲ.

ಅತ್ತೆಗೆ ಸ್ತೆಫನನ ವಾಕ್ಯ ಓದಿ ಸೋಲಿಸೋಕೆ ಹೋಗ್ಬೇಡಿ, ಎಜಮಾನ್ರಿಗೂ ಹೇಳಿ. ಮದುವೆ ಆಗಿದ್ದು ಅಲ್ಲಿ, ಮಕ್ಕಳಿಗೆ ದೀಕ್ಷಾಸ್ನಾನ ಆಗಿದ್ದು ಅಲ್ಲಿ, ಬಹುಶಃ ಮಾವನವರ ಶವಪೆಟ್ಟಿಗೆ ಇಟ್ಟಿದ್ದೂ ಆ ಆಲ್ಟರ್ ಮುಂದೇನೇ. ಅವರಿಗೆ ಅದು ಸಿಮೆಂಟಲ್ಲ, ಥಿಯಾಲಜಿಯಲ್ಲಿ ತಪ್ಪಿದ್ರೂ ಆ ನೆನಪು ತಪ್ಪಲ್ಲ. ಅಯ್ಯನವರಿಗೆ ಫೋನ್ ಮಾಡಿ, ಮೆಟ್ಟಿಲು ಹತ್ತೋಕೆ ಆಗದವರು ಇದ್ದಾರೆ, ಮನೆಗೆ ಬಂದು ಕರ್ತನ ಭೋಜನ ಕೊಡಿ ಅಂತ ಕೇಳಿ, ನಮ್ಮ ಸಭೆಗಳಲ್ಲಿ ಅದು ಇರೋ ಪದ್ಧತಿನೇ, ಕೇಳೋರು ಕಮ್ಮಿ ಅಷ್ಟೇ. ಆ ದಿನ ಎಜಮಾನ್ರನ್ನೂ ಮನೇಲಿರೋಕೆ ಹೇಳಿ. ಕೂಟದ ಬ್ರದರ್ ಬರ್ತೀನಿ ಅಂದ್ರೆ ಅವರೂ ಬರ್ಲಿ. ಮಂಡಿ ಸ್ವಲ್ಪ ಹಗುರ ಇರೋ ಭಾನುವಾರ ಆಟೋ ಮಾಡ್ಕೊಂಡು ಅತ್ತೆನ ಚರ್ಚಿಗೂ ಕರ್ಕೊಂಡು ಹೋಗಿ, ಯೂತ್ ಫೆಲೋಶಿಪ್ ಹುಡುಗರಿಗೆ ಮೊದಲೇ ಹೇಳಿಟ್ಟಿದ್ರೆ ಕುರ್ಚಿ ಸಮೇತ ಎತ್ಕೊಂಡು ಮೇಲೆ ಕೂರಿಸ್ತಾರೆ.